ಫೀಸಿನ ದುಡ್ಡು, ಟ್ರೇಡಿಂಗ್ ದುಡ್ಡು: ಷೇರು ಮಾರುಕಟ್ಟೆ ಕಲಿಸುವವರ ದುಡಿಮೆ ಹೇಗೆ ನಡೆಯುತ್ತದೆ?

ಷೇರು ಮಾರುಕಟ್ಟೆ ಕಲಿಸುವವರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. "ಮಾರ್ಕೆಟ್‌ನಲ್ಲಿ ದುಡ್ಡು ಮಾಡೋದು ಅಷ್ಟು ಚೆನ್ನಾಗಿ ಗೊತ್ತಿದ್ರೆ ಕ್ಲಾಸ್ ಯಾಕ್ರೀ ಮಾಡ್ತೀರಿ? ಮನೇಲಿ ಕೂತು ಟ್ರೇಡಿಂಗ್ ಮಾಡಬಹುದಲ್ವಾ?" ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮಹಡಿ ಮೇಲಿನ ಕೋಚಿಂಗ್ ಸೆಂಟರ್ ಇರಲಿ, ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಭಾನುವಾರ ನಡೆಯುವ ಉಚಿತ ಶಿಬಿರ ಇರಲಿ, ಹಿಂದಿನ ಸಾಲಲ್ಲಿ ಕೂತ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಕಲಿಸುವವರು ಎಷ್ಟೋ ಸಲ ನಕ್ಕು ಸುಮ್ಮನಾಗುತ್ತಾರೆ. ಇಲ್ಲವೇ "ನನಗೆ ಗೊತ್ತಿರೋದು ನಾಲ್ಕು ಜನಕ್ಕೆ ತಿಳಿಯಲಿ ಅಂತ" ಅನ್ನುತ್ತಾರೆ.

ನನಗೆ ಕೇಳಿದರೆ ಇಡೀ ಶಿಬಿರದಲ್ಲಿ ಕೇಳಬೇಕಾದ ಪ್ರಶ್ನೆಯೇ ಅದು. ಅದಕ್ಕೆ ನೇರವಾದ, ಮರ್ಯಾದೆಯ ಉತ್ತರವೂ ಇದೆ. ಆದರೆ ಆ ಉತ್ತರ ಲೆಕ್ಕದಲ್ಲಿ ಹೇಳಬೇಕಾದದ್ದು. ಸಮಾಜಸೇವೆಯ ಮಾತಿನಲ್ಲಿ ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ.

ವಿನೋಬನಗರದಲ್ಲಿ ಬಾಡಿಗೆ ಮನೆ ಮಾಡಿಕೊಂಡಿರುವ ಒಂದು ಸಂಸಾರವನ್ನು ತೆಗೆದುಕೊಳ್ಳಿ. ಬಾಡಿಗೆ, ದಿನಸಿ, ಮಕ್ಕಳ ಸ್ಕೂಲ್ ಫೀಸು, ಗಾಡಿಯ ಕಂತು, ಅಪ್ಪ ಅಮ್ಮನ ಔಷಧಿ ಎಲ್ಲ ಸೇರಿ ತಿಂಗಳಿಗೆ 40,000 ರೂಪಾಯಿ ಅಂದುಕೊಳ್ಳೋಣ. ವರ್ಷಕ್ಕೆ 4.8 ಲಕ್ಷ ಆಯಿತು. ಮನೆಯ ಯಜಮಾನರ ಕೈಯಲ್ಲಿ ಟ್ರೇಡಿಂಗ್‌ಗೆ ಅಂತ 5 ಲಕ್ಷ ಇದೆ. ಬರೀ ಟ್ರೇಡಿಂಗ್‌ನಿಂದಲೇ ಮನೆ ನಡೆಯಬೇಕು ಅಂದರೆ ಆ 5 ಲಕ್ಷಕ್ಕೆ ವರ್ಷಕ್ಕೆ ಶೇ 96ರಷ್ಟು ಲಾಭ ಬರಬೇಕು. ಅದೂ ಪ್ರತಿ ವರ್ಷ. ದೊಡ್ಡ ದೊಡ್ಡ ಫಂಡ್‌ಗಳಿಗೂ ಹಾಗೆ ಆಗುವುದಿಲ್ಲ. ಶೇ 20ರಷ್ಟು ಲಾಭ ತಪ್ಪದೆ ಬರುತ್ತದೆ ಅಂತ ಇಟ್ಟುಕೊಂಡರೂ (ಅದೇ ಬಹಳ ದೊಡ್ಡ ಮಾತು) 24 ಲಕ್ಷ ಬಂಡವಾಳ ಬೇಕು. ಬಂದದ್ದನ್ನೆಲ್ಲ ಮನೆಗೇ ಹಾಕಿದರೆ ಆ 24 ಲಕ್ಷ ಬೆಳೆಯುವುದೂ ಇಲ್ಲ, ದಿನಸಿಯ ರೇಟು ಮಾತ್ರ ಏರುತ್ತಾ ಹೋಗುತ್ತದೆ.

ಇನ್ನೊಂದು ಕಷ್ಟ ಇದೆ. ಟ್ರೇಡಿಂಗ್ ಲಾಭ ಸಂಬಳದ ಹಾಗೆ ತಿಂಗಳು ತಿಂಗಳು ಬರುವುದಿಲ್ಲ. ಒಳ್ಳೆಯ ವರ್ಷದಲ್ಲೂ ಎರಡು ಮೂರು ತಿಂಗಳು ಕೈ ತುಂಬ ಬಂದು, ಉಳಿದ ತಿಂಗಳುಗಳಲ್ಲಿ ಅಲ್ಲಿಗಲ್ಲಿಗೆ ಆಗಬಹುದು, ಕಳೆಯಲೂಬಹುದು. ಮನೆ ಮಾಲೀಕರು ಅಷ್ಟರವರೆಗೆ ಕಾಯುವುದಿಲ್ಲ. ಈ ತಿಂಗಳ ಬಾಡಿಗೆ ಇವತ್ತಿನ ಟ್ರೇಡ್‌ನಿಂದಲೇ ಬರಬೇಕು ಅಂತಾದಾಗ, ಮನುಷ್ಯ ತೆಗೆದುಕೊಳ್ಳಬಾರದ ಟ್ರೇಡ್ ತೆಗೆದುಕೊಳ್ಳುತ್ತಾನೆ. ನಷ್ಟ ಒಪ್ಪಿಕೊಂಡು ಮಾರಿ ಹೊರಗೆ ಬರಬೇಕಾದ ಕಡೆ ಕೂತೇ ಇರುತ್ತಾನೆ.

ಹಾಗಾಗಿ ಟ್ರೇಡ್ ಮಾಡುವವರಿಗೆ ಇನ್ನೊಂದು ಸ್ಥಿರ ಆದಾಯ ಬೇಕೇ ಬೇಕು. ಕೆಲವರಿಗೆ ಅದು ತೋಟ, ಕೆಲವರಿಗೆ ಅಂಗಡಿ, ಕೆಲವರಿಗೆ ಹೆಂಡತಿಯ ಅಥವಾ ಗಂಡನ ಸಂಬಳ. ಕಲಿಸುವವರಿಗೆ ಅದು ಕ್ಲಾಸಿನ ಫೀಸು. 20 ಜನರ ಬ್ಯಾಚ್, ತಲೆಗೆ 10,000 ಅಂತಾದರೆ 2 ಲಕ್ಷ. ಜಾಗದ ಬಾಡಿಗೆ, ಜಾಹೀರಾತು, ಸಹಾಯಕರ ಸಂಬಳ ಕಳೆದರೂ ಮನೆ ನಡೆಯುವಷ್ಟು ಉಳಿಯುತ್ತದೆ. "ಫೀಸಿನಿಂದ ಮನೆ ನಡೆಯುತ್ತೆ, ಅದಕ್ಕೇ ಟ್ರೇಡಿಂಗ್ ತಾಳ್ಮೆಯಿಂದ ಮಾಡೋಕಾಗುತ್ತೆ" ಅಂತ ಹೇಳುವ ಮೇಷ್ಟ್ರು ಸಿಕ್ಕರೆ ನಾನು ಅವರ ಮಾತು ಕೇಳುತ್ತೇನೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಫೀಸಿನಿಂದ ಬಂದ ದುಡ್ಡನ್ನು ಟ್ರೇಡಿಂಗ್‌ನಲ್ಲಿ ಬಂದದ್ದು ಅಂತ ತೋರಿಸಿ, ಅದನ್ನೇ ಇಟ್ಟುಕೊಂಡು ಇನ್ನಷ್ಟು ಜನರನ್ನು ಸೇರಿಸಿಕೊಂಡಾಗ ಮಾತ್ರ ಅದು ಮೋಸ.

ಇದು ಕಲ್ಪನೆಯ ಮಾತಲ್ಲ. 2023ರ ಅಕ್ಟೋಬರ್‌ನಲ್ಲಿ 'ಬಾಪ್ ಆಫ್ ಚಾರ್ಟ್' ಹೆಸರಿನಲ್ಲಿ ಯೂಟ್ಯೂಬ್ ಮತ್ತು ಟೆಲಿಗ್ರಾಂನಲ್ಲಿ ಕೋರ್ಸ್ ಮಾರುತ್ತಿದ್ದವರ ಮೇಲೆ ಷೇರು ಮಾರುಕಟ್ಟೆಯ ಮೇಲ್ವಿಚಾರಣೆ ಮಾಡುವ ಸರ್ಕಾರಿ ಸಂಸ್ಥೆ ಸೆಬಿ ಮಧ್ಯಂತರ ಆದೇಶ ಹೊರಡಿಸಿತು. ನೋಂದಣಿ ಇಲ್ಲದೆ ಸಲಹೆ ಕೊಟ್ಟು ಸಂಗ್ರಹಿಸಿದ ಸುಮಾರು 17.2 ಕೋಟಿ ರೂಪಾಯಿಯನ್ನು ಪ್ರತ್ಯೇಕ ಖಾತೆಯಲ್ಲಿ ಇಡುವಂತೆ ಹೇಳಿತು. ಆ ಆದೇಶದಲ್ಲಿ ಎಲ್ಲರೂ ಗಮನಿಸಬೇಕಾದ ಇನ್ನೊಂದು ಅಂಕಿ ಇದೆ. 2021ರ ಜನವರಿಯಿಂದ 2023ರ ಜುಲೈವರೆಗೆ ಆ ಮೇಷ್ಟ್ರ ಸ್ವಂತ ಟ್ರೇಡಿಂಗ್‌ನಲ್ಲಿ ಆಗಿದ್ದು ಸುಮಾರು 2.89 ಕೋಟಿ ನಷ್ಟ ಅಂತ ಸೆಬಿ ಲೆಕ್ಕ ಹಾಕಿತ್ತು. ಜನರಿಗೆ ಕಾಣಿಸುತ್ತಿದ್ದದ್ದು ಲಾಭದ ಸ್ಕ್ರೀನ್‌ಶಾಟ್ ಮಾತ್ರ.

ಈ ವೃತ್ತಿಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಇವರು ಏನನ್ನು ಟ್ರೇಡ್ ಮಾಡುತ್ತಾರೆ, ಏನನ್ನು ಕಲಿಸುತ್ತಾರೆ ಅಂತ ತಿಳಿದುಕೊಳ್ಳಬೇಕು. ಈಗ ಹೆಚ್ಚು ಕ್ಲಾಸುಗಳು ತುಂಬುವುದು ಎಫ್‌ಆ್ಯಂಡ್‌ಒ ಹೆಸರಿನಲ್ಲಿ. ಅಂದರೆ ಫ್ಯೂಚರ್ಸ್ ಮತ್ತು ಆಪ್ಷನ್ಸ್. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳುವುದು ಸುಲಭ, ಯಾಕೆಂದರೆ ನಮಗೆ ಚೇಣಿ ಗೊತ್ತು. ಅಡಿಕೆ ಇನ್ನೂ ಮರದಲ್ಲಿರುವಾಗಲೇ ಚೇಣಿದಾರ ತೋಟ ನೋಡಿಕೊಂಡು ಹೋಗಿ ದರ ಮಾತಾಡುತ್ತಾನೆ. ಮುಂಗಡ ಕೊಡುತ್ತಾನೆ. ಮುಂದೆ ಮಂಡಿಯಲ್ಲಿ ರಾಶಿ ಅಡಿಕೆಗೆ ರೇಟು ಏರಿದರೆ ಲಾಭ ಅವನದು, ಬಿದ್ದರೆ ನಷ್ಟವೂ ಅವನದೇ. ತೋಟದವರಿಗೆ ರೇಟಿನ ಚಿಂತೆ ತಪ್ಪಿತು. ಫ್ಯೂಚರ್ಸ್ ಅಂದರೆ ಹೆಚ್ಚುಕಮ್ಮಿ ಇದೇ ಒಪ್ಪಂದ. ವ್ಯತ್ಯಾಸ ಏನೆಂದರೆ ಒಪ್ಪಂದದ ಗಾತ್ರ ಮೊದಲೇ ನಿಗದಿಯಾಗಿರುತ್ತದೆ, ನಡುವೆ ಎಕ್ಸ್‌ಚೇಂಜ್ ಜಾಮೀನಾಗಿ ನಿಂತಿರುತ್ತದೆ, ಮತ್ತು ಲಾಭ ನಷ್ಟದ ಲೆಕ್ಕ ಕೊನೆಯವರೆಗೆ ಕಾಯುವುದಿಲ್ಲ. ಇವತ್ತು ಬೆಲೆ ನಮಗೆ ವಿರುದ್ಧ ಹೋದರೆ ಇವತ್ತಿನ ಲೆಕ್ಕಕ್ಕೇ ಖಾತೆಯಿಂದ ದುಡ್ಡು ಕಳೆಯುತ್ತದೆ. ಖಾತೆಯಲ್ಲಿ ದುಡ್ಡು ಸಾಲದಿದ್ದರೆ ಬ್ರೋಕರ್ ನಮ್ಮ ಪೊಸಿಷನ್, ಅಂದರೆ ನಡೆಯುತ್ತಿರುವ ಒಪ್ಪಂದ, ಮುಚ್ಚಿಬಿಡಬಹುದು.

ಆಪ್ಷನ್ ಇನ್ನೂ ಒಂದು ಹೆಜ್ಜೆ ಮುಂದೆ. ಚೇಣಿದಾರ "ಮುಂಗಡ ಕೊಡ್ತೀನಿ, ಆದರೆ ಆಗ ರೇಟು ನನಗೆ ಹೊಂದಲಿಲ್ಲ ಅಂದ್ರೆ ಮುಂಗಡ ಬಿಟ್ಟು ಹೋಗ್ತೀನಿ, ಉಳಿದದ್ದು ಕೇಳಬೇಡಿ" ಅಂತ ಮಾತಾಡಿಕೊಂಡ ಅನ್ನಿ. ಆ ಮುಂಗಡವೇ ಪ್ರೀಮಿಯಂ. ಕೊಂಡವನಿಗೆ ಹೋದರೆ ಅಷ್ಟೇ ಹೋಯಿತು. ಮುಂಗಡ ತೆಗೆದುಕೊಂಡವನೇ ಆಪ್ಷನ್ ಸೆಲ್ಲರ್. ಅವನಿಗೆ ಸಿಗುವುದು ಅಷ್ಟೇ, ಆದರೆ ಹೋಗುವುದಕ್ಕೆ ಮಿತಿ ಇಲ್ಲ. ಚೇಣಿಯ ಹೋಲಿಕೆ ಇಲ್ಲಿಗೆ ಸಾಕು, ಯಾಕೆಂದರೆ ಒಂದು ದೊಡ್ಡ ವ್ಯತ್ಯಾಸವಿದೆ. ಚೇಣಿದಾರನ ಕೈಯಲ್ಲಿ ನಿಜವಾದ ಅಡಿಕೆ ಇರುತ್ತದೆ. ಯಾವ ತೋಟಕ್ಕೆ ಕೊಳೆ ರೋಗ ಬಂದಿದೆ, ಎಲ್ಲಿ ಎಲೆಚುಕ್ಕಿ ಹಬ್ಬಿದೆ ಅಂತ ಅವನು ಕಣ್ಣಾರೆ ನೋಡಿರುತ್ತಾನೆ. ವಾರದ ಆಪ್ಷನ್ ಕೊಳ್ಳುವ ಹುಡುಗನ ಕೈಯಲ್ಲಿ ಇರುವುದು ಕರಗುತ್ತಿರುವ ಪ್ರೀಮಿಯಂ ಒಂದೇ. ನಿಫ್ಟಿ (50 ದೊಡ್ಡ ಕಂಪನಿಗಳ ಷೇರು ಬೆಲೆಯ ಸೂಚ್ಯಂಕ) ಕದಲದೆ ನಿಂತರೂ ದಿನ ಕಳೆದ ಹಾಗೆ ಆಪ್ಷನ್‌ನ ಬೆಲೆ ಇಳಿಯುತ್ತದೆ. ಎಕ್ಸ್‌ಪೈರಿ (ಒಪ್ಪಂದ ಮುಗಿಯುವ) ದಿನ ಮಧ್ಯಾಹ್ನ ಅದು ಕರಗುವ ವೇಗ ನೋಡಿದವರಿಗೇ ಗೊತ್ತು. 2025ರ ಸೆಪ್ಟೆಂಬರ್‌ನಿಂದ ನಿಫ್ಟಿಗೆ ಮಂಗಳವಾರ, ಸೆನ್ಸೆಕ್ಸ್‌ಗೆ ಗುರುವಾರ ಎಕ್ಸ್‌ಪೈರಿ.

ಈಗ ಒಂದು ಟ್ರೇಡ್‌ನ ಕಾಂಟ್ರ್ಯಾಕ್ಟ್ ನೋಟ್ (ಬ್ರೋಕರ್ ಕೊಡುವ ಲೆಕ್ಕದ ಚೀಟಿ) ಹತ್ತಿರದಿಂದ ನೋಡೋಣ. ಬೇರೆ ಯಾವ ಚಾರ್ಟ್‌ಗಿಂತ ಈ ಕಾಗದ ಜಾಸ್ತಿ ಕಲಿಸುತ್ತದೆ. ನಿಫ್ಟಿ ಆಪ್ಷನ್ ಒಂದು ಲಾಟ್ (ಒಮ್ಮೆಗೆ ಕೊಳ್ಳಬೇಕಾದ ಕನಿಷ್ಠ ಪ್ರಮಾಣ), ಅಂದರೆ 65ರ ಲೆಕ್ಕ. 100 ರೂಪಾಯಿ ಪ್ರೀಮಿಯಂಗೆ ಕೊಂಡು 104ಕ್ಕೆ ಮಾರಿದಿರಿ. ಆ್ಯಪ್‌ನಲ್ಲಿ 260 ರೂಪಾಯಿ ಲಾಭ ಅಂತ ಹಸಿರು ಬಣ್ಣದಲ್ಲಿ ಕಾಣುತ್ತದೆ. ಈಗ ಖರ್ಚು. ಆರ್ಡರ್‌ಗೆ 20 ರೂಪಾಯಿ ತೆಗೆದುಕೊಳ್ಳುವ ಬ್ರೋಕರ್ ಆದರೆ ಕೊಂಡದ್ದಕ್ಕೆ 20, ಮಾರಿದ್ದಕ್ಕೆ 20. ಮಾರಿದ ಪ್ರೀಮಿಯಂ ಮೇಲೆ ಸರ್ಕಾರದ ವಹಿವಾಟು ತೆರಿಗೆ ಎಸ್‌ಟಿಟಿ. ಎರಡೂ ಕಡೆ ಎಕ್ಸ್‌ಚೇಂಜ್ ಶುಲ್ಕ. ಬ್ರೋಕರೇಜ್ ಮತ್ತು ಶುಲ್ಕದ ಮೇಲೆ ಶೇ 18ರ ಜಿಎಸ್‌ಟಿ. ಒಂದಿಷ್ಟು ಪೈಸೆ ಸ್ಟಾಂಪ್ ಡ್ಯೂಟಿ. ಎಲ್ಲ ಸೇರಿ 60 ರೂಪಾಯಿ ಆಸುಪಾಸು. 260ರಲ್ಲಿ ಉಳಿದದ್ದು 200. ಅದೇ 4 ರೂಪಾಯಿ ಕೆಳಗೆ ಹೋಗಿದ್ದರೆ ನಷ್ಟ 260 ಅಲ್ಲ, 320. ಗೆದ್ದರೂ ಸೋತರೂ 60 ಹೋಗಿಯೇ ಹೋಗುತ್ತದೆ. ದಿನಕ್ಕೆ ಇಂಥ ಹತ್ತು ಟ್ರೇಡ್ ಮಾಡಿದರೆ 600. ತಿಂಗಳಿಗೆ ಇಪ್ಪತ್ತು ದಿನ ಮಾರ್ಕೆಟ್ ಇದ್ದರೆ 12,000. ಗೆಲುವು ಸೋಲು ಸಮಸಮ ಇದ್ದವರ ಖಾತೆ ಕೂಡ ಯಾಕೆ ಖಾಲಿಯಾಗುತ್ತದೆ ಅನ್ನುವುದು ಇಲ್ಲಿ ಗೊತ್ತಾಗುತ್ತದೆ.

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಎಫ್‌ಆ್ಯಂಡ್‌ಒ ಮಾಡಿದ ಒಂದು ಕೋಟಿಗೂ ಹೆಚ್ಚು ಜನಸಾಮಾನ್ಯರಲ್ಲಿ ಶೇ 93ರಷ್ಟು ಮಂದಿ ನಷ್ಟ ಮಾಡಿಕೊಂಡರು. ಖರ್ಚೂ ಸೇರಿ ತಲಾ ಸುಮಾರು 2 ಲಕ್ಷ. ಒಟ್ಟು ನಷ್ಟ 1.8 ಲಕ್ಷ ಕೋಟಿಗೂ ಮೇಲೆ. ಖರ್ಚು ಕಳೆದು ಒಂದು ಲಕ್ಷಕ್ಕಿಂತ ಜಾಸ್ತಿ ಲಾಭ ಕಂಡವರು ಶೇ 1ರಷ್ಟು ಮಾತ್ರ. 2025ರ ಜುಲೈನಲ್ಲಿ ಬಂದ ಇನ್ನೊಂದು ವರದಿಯಲ್ಲಿ 2024-25ರ ಒಂದೇ ವರ್ಷದ ನಷ್ಟ 1.05 ಲಕ್ಷ ಕೋಟಿ ದಾಟಿತ್ತು. ನಷ್ಟ ಮಾಡಿಕೊಂಡವರು ಶೇ 91.

ಆ ದುಡ್ಡು ಎಲ್ಲಿಗೆ ಹೋಯಿತು? 2023-24ರಲ್ಲಿ ಖರ್ಚಿಗೆ ಮುಂಚಿನ ಲೆಕ್ಕದಲ್ಲಿ ಸ್ವಂತ ದುಡ್ಡಲ್ಲಿ ಟ್ರೇಡ್ ಮಾಡುವ ಸಂಸ್ಥೆಗಳಿಗೆ ಸುಮಾರು 33,000 ಕೋಟಿ, ವಿದೇಶಿ ಹೂಡಿಕೆದಾರರಿಗೆ ಸುಮಾರು 28,000 ಕೋಟಿ ಲಾಭ ಆಗಿತ್ತು. ಅದರಲ್ಲಿ ಬಹುಪಾಲು ಕಂಪ್ಯೂಟರ್ ತಾನೇ ಆರ್ಡರ್ ಹಾಕುವ ಆಲ್ಗೊ ಟ್ರೇಡಿಂಗ್‌ನಿಂದ ಬಂದದ್ದು. ಮೊಬೈಲ್‌ನಲ್ಲಿ ಬೆರಳು ಒತ್ತುವ ನಮ್ಮ ಹುಡುಗರ ಎದುರಾಳಿ ಅಂಥವರು.

2024ರ ಸೆಬಿ ವರದಿಯಲ್ಲಿ ನನ್ನ ಮನಸ್ಸಿಗೆ ತಟ್ಟಿದ್ದು ಇನ್ನೆರಡು ಅಂಕಿ. ಎಫ್‌ಆ್ಯಂಡ್‌ಒ ಮಾಡುವವರಲ್ಲಿ ಶೇ 72ಕ್ಕೂ ಹೆಚ್ಚು ಮಂದಿ ಮೊದಲ 30 ದೊಡ್ಡ ನಗರಗಳ ಆಚೆಯವರು. ಅಂದರೆ ಶಿವಮೊಗ್ಗ, ಭದ್ರಾವತಿ, ಸಾಗರದಂಥ ಊರಿನವರು. 30 ವರ್ಷದೊಳಗಿನವರ ಪಾಲು ಒಂದೇ ವರ್ಷದಲ್ಲಿ ಶೇ 31ರಿಂದ 43ಕ್ಕೆ ಏರಿತ್ತು. ಇದೇ ವಯಸ್ಸಿನವರು, ಇದೇ ಊರುಗಳವರು ಕ್ಲಾಸಿಗೂ ಸೇರುವುದು. ಹೀಗಾಗಿ ನಮ್ಮ ಕಡೆ ಕಲಿಸುವವರ ಹೊಣೆ ದೊಡ್ಡದು. ಮೊದಲ ದಿನವೇ ಈ ಅಂಕಿಗಳನ್ನು ಬೋರ್ಡ್ ಮೇಲೆ ಬರೆಯದ ಕ್ಲಾಸಿಗೆ ದುಡ್ಡು ಕಟ್ಟಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಹತ್ತರಲ್ಲಿ ಒಂಬತ್ತು ಜನ ನಷ್ಟ ಮಾಡಿಕೊಳ್ಳುತ್ತಾರೆ ಅಂತ ಬ್ರೋಕರ್ ಆ್ಯಪ್‌ಗಳೂ ತೋರಿಸಲೇಬೇಕು ಎಂದು ಸೆಬಿ 2023ರಲ್ಲೇ ಹೇಳಿದೆ. ತೋರಿಸುತ್ತವೆ ಕೂಡ. ನಾವು ಓದದೆ ಸರಿ ಅಂತ ಒತ್ತಿ ಒಳಗೆ ಹೋಗುತ್ತೇವೆ.

ಹಾಗಾದರೆ ಒಳ್ಳೆಯ ಮೇಷ್ಟ್ರು ಏನು ಕಲಿಸುತ್ತಾರೆ? ಯಾವ ಷೇರು ಏರುತ್ತದೆ ಅಂತ ಅಲ್ಲ. ತಪ್ಪಾದಾಗ ಎಷ್ಟು ಕಳೆದುಕೊಳ್ಳಬೇಕು ಅನ್ನುವುದನ್ನು ಮೊದಲು ಕಲಿಸುತ್ತಾರೆ. 5 ಲಕ್ಷ ಇದ್ದವರು ಒಂದು ಟ್ರೇಡ್‌ನಲ್ಲಿ ಶೇ 1, ಅಂದರೆ 5,000 ಮಾತ್ರ ಪಣಕ್ಕಿಟ್ಟರು ಅನ್ನಿ. ಸಾಲಾಗಿ ಹತ್ತು ಸೋತರೂ ನಾಲ್ಕೂವರೆ ಲಕ್ಷ ಕೈಯಲ್ಲಿರುತ್ತದೆ. ಪ್ರತಿ ಸಲ ಶೇ 10 ಪಣಕ್ಕಿಟ್ಟವರಿಗೆ ಅದೇ ಹತ್ತು ಸೋಲಿನ ನಂತರ ಉಳಿಯುವುದು 1.74 ಲಕ್ಷ. ಮತ್ತೆ 5 ಲಕ್ಷ ಮಾಡಬೇಕಾದರೆ ಶೇ 187 ಲಾಭ ಬೇಕು. ಇದನ್ನು ಟ್ರೇಡ್‌ಗೆ ಇಳಿಸುವುದು ಹೀಗೆ: 400 ರೂಪಾಯಿಯ ಷೇರು, 390ಕ್ಕೆ ಸ್ಟಾಪ್ ಲಾಸ್, ಅಂದರೆ ಅಲ್ಲಿಗೆ ಇಳಿದರೆ ಮಾರಿ ಹೊರಬರುವುದು. ಷೇರಿಗೆ 10 ರೂಪಾಯಿ ರಿಸ್ಕ್. 5,000ಕ್ಕೆ ಸರಿಹೋಗುವುದು 500 ಷೇರು. ಅಷ್ಟೇ ಕೊಳ್ಳಬೇಕು, ಮನಸ್ಸು ಎಷ್ಟು ಹೇಳಿದರೂ. ಈ ಲೆಕ್ಕ ಎರಡು ದಿನದಲ್ಲಿ ಬರುತ್ತದೆ. ಅದರ ಪ್ರಕಾರ ನಡೆದುಕೊಳ್ಳುವುದಕ್ಕೆ ವರ್ಷಗಳೇ ಬೇಕು. ಮಾರ್ಕೆಟ್‌ನಲ್ಲಿ ತಾವೂ ಸ್ವಂತ ದುಡ್ಡು ಹಾಕಿ ಕೂತಿರುವ ಮೇಷ್ಟ್ರಿಂದ ಸಿಗುವ ನಿಜವಾದ ಉಪಯೋಗ ಇಲ್ಲೇ. ಸ್ಟಾಪ್ ಲಾಸ್ ಹತ್ತಿರ ಬಂದಾಗ ಅದನ್ನು ಕೆಳಗೆ ಸರಿಸಬೇಕು ಅನ್ನಿಸುವ ಸಂಕಟ ಪುಸ್ತಕ ಓದಿದವರಿಗೆ ಗೊತ್ತಿರುವುದಿಲ್ಲ.

ಕೆಟ್ಟ ಕ್ಲಾಸು ಗುರುತಿಸಲಿಕ್ಕೂ ಲೆಕ್ಕ ಸಾಕು. "ನಮ್ಮ ಆ್ಯಕ್ಯುರಸಿ ಶೇ 90" ಅಂತ ಪೋಸ್ಟರ್‌ನಲ್ಲಿ ಇರುತ್ತದೆ. ಅದು ಸುಳ್ಳೇ ಆಗಿರಬೇಕಾಗಿಲ್ಲ. ಹತ್ತರಲ್ಲಿ ಒಂಬತ್ತು ಸಲ ಸಾವಿರ ಸಾವಿರ ಬಂದು, ಒಂದು ಸಲ 12,000 ಹೋದರೆ ಆ್ಯಕ್ಯುರಸಿ ಶೇ 90, ಕೈಯಿಂದ ಹೋದದ್ದು 3,000. ಇನ್ನೊಬ್ಬರು ಹತ್ತರಲ್ಲಿ ನಾಲ್ಕೇ ಗೆದ್ದರು. ಗೆದ್ದಾಗ ಎರಡೆರಡು ಸಾವಿರ, ಸೋತಾಗ ಒಂದೊಂದು ಸಾವಿರ. 8,000 ಬಂತು, 6,000 ಹೋಯಿತು, 2,000 ಉಳಿಯಿತು. ಆಪ್ಷನ್ ಮಾರಿ "ಪ್ರತಿ ವಾರ ಆದಾಯ" ಅನ್ನುವ ಕೋರ್ಸುಗಳು ಬಹುಪಾಲು ಮೊದಲನೆಯ ಜಾತಿಯವು. ಐವತ್ತು ವಾರ ಚಿಕ್ಕ ಚಿಕ್ಕದಾಗಿ ಬಂದದ್ದು ಒಂದೇ ದಿನದಲ್ಲಿ ಹೋಗಬಹುದು. 2024ರ ಜೂನ್ 4, ಲೋಕಸಭಾ ಚುನಾವಣೆಯ ಫಲಿತಾಂಶದ ದಿನ ನಿಫ್ಟಿ ಸುಮಾರು ಶೇ 6 ಬಿತ್ತು. ಹಿಂದಿನ ದಿನವಷ್ಟೇ ದಾಖಲೆ ಎತ್ತರದಲ್ಲಿತ್ತು. ಅಂಥ ದಿನ ಪುಟ್ (ಬೆಲೆ ಬಿದ್ದರೆ ಕೊಂಡವನಿಗೆ ಲಾಭ ಕೊಡುವ ಆಪ್ಷನ್) ಮಾರಿಕೊಂಡು ಕೂತವರ ಗತಿ ಏನು, ಯೋಚಿಸಿ.

ಸ್ಕ್ರೀನ್‌ಶಾಟ್ ಬಗ್ಗೆಯೂ ಒಂದು ಮಾತು. ಒಂದು ಖಾತೆಯಲ್ಲಿ ಕಾಲ್ (ಬೆಲೆ ಏರಿದರೆ ಲಾಭ ಕೊಡುವ ಆಪ್ಷನ್), ಇನ್ನೊಂದರಲ್ಲಿ ಪುಟ್ ಕೊಂಡರೆ ಮಾರ್ಕೆಟ್ ಜೋರಾಗಿ ಯಾವ ಕಡೆ ಹೋದರೂ ಒಂದರಲ್ಲಿ ಭರ್ಜರಿ ಲಾಭ ಕಾಣುತ್ತದೆ. ಅದನ್ನು ಮಾತ್ರ ಗ್ರೂಪ್‌ಗೆ ಹಾಕಿದರೆ ಮುಗಿಯಿತು. ಆದ್ದರಿಂದ ಒಂದು ದಿನದ ಲಾಭಕ್ಕೆ ಬೆಲೆ ಇಲ್ಲ. ವರ್ಷದ ಲೆಕ್ಕ ಕೇಳಿ. ಆಪ್ಷನ್ಸ್ ಮಾಡುವವರು ಬಿಸಿನೆಸ್ ಆದಾಯ ಇದ್ದವರ ತೆರಿಗೆ ರಿಟರ್ನ್ ಆದ ಐಟಿಆರ್-3 ಸಲ್ಲಿಸುತ್ತಾರೆ. ಅದರಲ್ಲಿ ಕ್ಲಾಸಿನ ಆದಾಯ ಎಷ್ಟು, ಟ್ರೇಡಿಂಗ್ ಆದಾಯ ಎಷ್ಟು ಎರಡೂ ಇರುತ್ತದೆ. ಎಲ್ಲರೂ ತೋರಿಸಲಿಕ್ಕಿಲ್ಲ, ತೋರಿಸಲೇಬೇಕು ಅಂತ ಕಾನೂನೂ ಇಲ್ಲ. ಆದರೆ ಟ್ರೇಡಿಂಗ್ ಲಾಭದ ಹೆಸರಿನಲ್ಲೇ ಫೀಸು ಕೇಳುವವರ ಹತ್ತಿರ ಮೂರು ವರ್ಷದ ಲೆಕ್ಕ ಕೇಳುವುದು ನ್ಯಾಯವಾದ ಮಾತು.

ಕಾನೂನಿಗೆ ಬಂದರೆ, ಕಲಿಸುವುದು ಬೇರೆ, ಸಲಹೆ ಕೊಡುವುದು ಬೇರೆ. ಬ್ಯಾಲೆನ್ಸ್ ಶೀಟ್ ಓದುವುದು ಹೇಗೆ, ಆಪ್ಷನ್ ಹೇಗೆ ಕೆಲಸ ಮಾಡುತ್ತದೆ ಅಂತ ಹೇಳಿಕೊಡಲು ಸೆಬಿ ನೋಂದಣಿ ಬೇಡ. "ನಾಳೆ ಈ ಷೇರು ತಗೊಳ್ಳಿ, ಟಾರ್ಗೆಟ್ ಇಷ್ಟು" ಅಂತ ದುಡ್ಡಿಗೆ ಹೇಳಬೇಕಾದರೆ ನೋಂದಣಿ ಬೇಕು. 2014ರ ನಿಯಮಗಳ ಪ್ರಕಾರ ರಿಸರ್ಚ್ ಅನಲಿಸ್ಟ್, ಇಲ್ಲವೇ 2013ರ ನಿಯಮಗಳ ಪ್ರಕಾರ ಇನ್ವೆಸ್ಟ್‌ಮೆಂಟ್ ಅಡ್ವೈಸರ್. ಕಷ್ಟ ಏನಾಗಿತ್ತೆಂದರೆ ಎಷ್ಟೋ ಜನ ಕ್ಲಾಸ್ ಅಂತ ಹೆಸರಿಟ್ಟು ಮಾಡುತ್ತಿದ್ದದ್ದು ಎರಡನೆಯ ಕೆಲಸ. 'ಲೈವ್ ಮಾರ್ಕೆಟ್ ಟ್ರೈನಿಂಗ್' ಅಂತ ಬೆಳಿಗ್ಗೆ 9.15ಕ್ಕೆ ಜೂಮ್ ಹಚ್ಚಿ "ಈಗ ತಗೊಳ್ಳಿ, ಈಗ ಬಿಡಿ" ಅನ್ನುವುದು ಪಾಠವಲ್ಲ. ಅದಕ್ಕಾಗಿ 2025ರ ಜನವರಿಯ ಸುತ್ತೋಲೆಯಲ್ಲಿ ಸೆಬಿ ಗೆರೆ ಎಳೆಯಿತು. ಬರೀ ಶಿಕ್ಷಣದ ಕೆಲಸ ಮಾಡುವವರು ಹಿಂದಿನ ಮೂರು ತಿಂಗಳ ಬೆಲೆಗಳನ್ನು ಬಳಸಿ ಷೇರಿನ ಹೆಸರು ಹೇಳಿ ಮುಂದಿನ ಬೆಲೆ ಸೂಚಿಸುವ ಹಾಗಿಲ್ಲ ಅಂತ ಅದರಲ್ಲಿ ಹೇಳಿತು. ಬ್ರೋಕರ್‌ಗಳು ಇಂಥ ನೋಂದಣಿ ಇಲ್ಲದ ಸಲಹೆಗಾರರ ಜೊತೆ ವ್ಯವಹಾರ ಇಟ್ಟುಕೊಳ್ಳುವಂತೆಯೂ ಇಲ್ಲ.

ಹಳೆಯ ಬೆಲೆ ಇಟ್ಟುಕೊಂಡು ಪಾಠ ಮಾಡಿದರೆ ಸಪ್ಪೆ ಅಂತ ಕೆಲವರು ದೂರುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. 2020ರ ಮಾರ್ಚ್‌ನ ಕುಸಿತವನ್ನು, ಈ 2024ರ ಜೂನ್ 4ನ್ನು ದಿನದ ಚಾರ್ಟ್ ಇಟ್ಟುಕೊಂಡು ನಿಧಾನವಾಗಿ ಬಿಡಿಸಿದರೆ ಎಷ್ಟು ಪಾಠ ಬೇಕಾದರೂ ಸಿಗುತ್ತದೆ. ಅವಸರ ಇಲ್ಲದಾಗಲೇ ಕಲಿಯುವುದು.

ಇನ್ನು ಕಲಿಸುವುದು, ಟ್ರೇಡ್ ಮಾಡುವುದು ಎರಡೂ ಒಬ್ಬರೇ ಮಾಡಿದಾಗ ಹುಟ್ಟುವ ಹಿತಾಸಕ್ತಿಯ ತೊಡಕು. ಮೇಷ್ಟ್ರು ಮೊದಲೇ ಒಂದು ಸಣ್ಣ ಕಂಪನಿಯ ಷೇರು ಕೊಂಡಿಟ್ಟು ಆಮೇಲೆ ಗ್ರೂಪ್‌ನಲ್ಲಿ ಹೆಸರು ಹೇಳಿದರು ಅನ್ನಿ. ನೂರಾರು ವಿದ್ಯಾರ್ಥಿಗಳು ಕೊಳ್ಳಲು ನುಗ್ಗಿದಾಗ ಬೆಲೆ ಏರುತ್ತದೆ, ಮೇಷ್ಟ್ರು ಅವರಿಗೇ ಮಾರಿ ಹೊರಗೆ ಬರಬಹುದು. 2023ರ ಮಾರ್ಚ್‌ನಲ್ಲಿ ಸಾಧನಾ ಬ್ರಾಡ್‌ಕಾಸ್ಟ್ ಷೇರಿನ ವಿಚಾರದಲ್ಲಿ ಸೆಬಿ ಕ್ರಮ ಕೈಗೊಂಡದ್ದು ಯೂಟ್ಯೂಬ್ ವಿಡಿಯೊಗಳ ಮೂಲಕ ಹೀಗೆ ಬೆಲೆ ಏರಿಸಿದರು ಅನ್ನುವ ಆರೋಪಕ್ಕೇ. ನೋಂದಾಯಿತ ರಿಸರ್ಚ್ ಅನಲಿಸ್ಟ್‌ಗೆ ಇದಕ್ಕೊಂದು ಕಟ್ಟು ಇದೆ. ತಾವು ವರದಿ ಕೊಡುವ ಷೇರಿನಲ್ಲಿ ಅದಕ್ಕೆ ಮುಂಚಿನ 30 ದಿನ, ನಂತರದ 5 ದಿನ ಸ್ವಂತ ವ್ಯವಹಾರ ಮಾಡುವಂತಿಲ್ಲ. ಕೊಟ್ಟ ಸಲಹೆಗೆ ವಿರುದ್ಧವಾಗಿಯೂ ಮಾಡುವಂತಿಲ್ಲ. ಟ್ರೇಡಿಂಗ್ ಮುಖ್ಯ ಅನ್ನುವವರು ಅದಕ್ಕೇ ಸಲಹೆಯ ಗೊಡವೆಗೆ ಹೋಗದೆ ಕಲಿಸುವುದಕ್ಕೆ ನಿಂತುಕೊಳ್ಳುತ್ತಾರೆ. ಅದು ಒಳ್ಳೆಯ ಆಯ್ಕೆ.

ಈ ದಾರಿಗೆ ಬರಬೇಕು ಅನ್ನುವ ಬಿ.ಕಾಂ ಮುಗಿಸಿದ ಹುಡುಗ ಹುಡುಗಿಯರು ನಮ್ಮ ಜಿಲ್ಲೆಯಲ್ಲಿ ಇದ್ದಾರೆ. ಅವರಿಗೆ ಎನ್‌ಐಎಸ್‌ಎಂ ಪರೀಕ್ಷೆಗಳು ಮೊದಲ ಮೆಟ್ಟಿಲು. ಸೆಬಿಯೇ ಸ್ಥಾಪಿಸಿದ ಸಂಸ್ಥೆ ಅದು. ಈಕ್ವಿಟಿ ಡೆರಿವೇಟಿವ್ಸ್‌ಗೆ 8ನೇ ಸರಣಿ, ರಿಸರ್ಚ್ ಅನಲಿಸ್ಟ್‌ಗೆ 15ನೇ ಸರಣಿ. ಪಾಸಾದ ಮಾತ್ರಕ್ಕೆ ಟ್ರೇಡಿಂಗ್ ಬರುವುದಿಲ್ಲ, ಆದರೆ ಅಡಿಪಾಯ ಗಟ್ಟಿಯಾಗುತ್ತದೆ, ಬ್ರೋಕರ್ ಕಚೇರಿಯಲ್ಲಿ ಕೆಲಸ ಸಿಗುವ ದಾರಿಯೂ ತೆರೆಯುತ್ತದೆ. ಒಂದೆರಡು ವರ್ಷ ಡೀಲರ್ ಟೇಬಲ್‌ನಲ್ಲಿ ಕೂತು ಬೇರೆಯವರ ಗೆಲುವು ಸೋಲು ನೋಡಿದವರು ಮುಂದೆ ಚೆನ್ನಾಗಿ ಕಲಿಸುತ್ತಾರೆ. ಸ್ವಂತ ಟ್ರೇಡಿಂಗ್ ಸಣ್ಣದಾಗಿ ಇರಲಿ. ಒಂದು ಡೈರಿಯಲ್ಲಿ ಯಾಕೆ ಕೊಂಡೆ, ಎಲ್ಲಿ ಬಿಟ್ಟೆ ಅಂತ ಬರೆದಿಡಲಿ.

ಮಳೆಗಾಲದ ಮಾತು ಕ್ಲಾಸುಗಳಲ್ಲಿ ಬರುವುದೇ ಅಪರೂಪ. ಆಗುಂಬೆ, ಹೊಸನಗರದ ಕಡೆ ಜುಲೈನಲ್ಲಿ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. "ಬೆಲೆ ಇಲ್ಲಿಗೆ ಬಂದ್ರೆ ಮಾರ್ತೀನಿ" ಅಂತ ತಲೆಯಲ್ಲಿ ಇಟ್ಟುಕೊಂಡ ಸ್ಟಾಪ್ ಲಾಸ್ ಆಗ ಉಪಯೋಗಕ್ಕೆ ಬಾರದು. ಆರ್ಡರ್ ಆಗಿ ಎಕ್ಸ್‌ಚೇಂಜ್‌ನಲ್ಲಿ ಕೂತಿರಬೇಕು. ಬ್ರೋಕರ್‌ಗೆ ಫೋನ್ ಮಾಡಿ ಆರ್ಡರ್ ಹಾಕುವ ನಂಬರ್ ಗೋಡೆ ಮೇಲೆ ಬರೆದಿಟ್ಟಿರಬೇಕು. ಅಂಥ ಊರಲ್ಲಿ ಕೂತು ನಿಮಿಷ ನಿಮಿಷದ ಟ್ರೇಡಿಂಗ್ ಮಾಡುವುದಕ್ಕಿಂತ ವಾರ, ತಿಂಗಳು ಇಟ್ಟುಕೊಳ್ಳುವ ರೀತಿಯದ್ದು ಕಲಿಯುವುದು ಮೇಲು.

ಇಲ್ಲಿನವರಿಗೆ ನಿಜವಾಗಿ ಬೇಕಾದ ಪಾಠ ಇನ್ನೊಂದಿದೆ, ಅದನ್ನು ಕಲಿಸುವವರು ಕಡಿಮೆ. ತೋಟದವರಿಗೆ ದುಡ್ಡು ವರ್ಷಕ್ಕೊಮ್ಮೆ, ಅಡಿಕೆ ಮಂಡಿಗೆ ಹೋದ ಮೇಲೆ, ಒಟ್ಟಿಗೆ ಬರುತ್ತದೆ. ಅದರಲ್ಲಿ ಮುಂದಿನ ಸಲದ ಗೊಬ್ಬರ, ಔಷಧಿ ಹೊಡೆಸುವ ಖರ್ಚು, ಕೊಳೆ ಬಂದ ವರ್ಷಕ್ಕೆ ಅಂತ ಎತ್ತಿಡುವ ದುಡ್ಡು, ಆರೋಗ್ಯ ವಿಮೆ ಎಲ್ಲ ತೆಗೆದಿಟ್ಟು ಉಳಿದದ್ದನ್ನು ಎಲ್ಲಿ ಹೂಡಬೇಕು? ಆಪ್ಷನ್ಸ್ ಕಲಿಯುವ ಮೊದಲು ಇದು ಗೊತ್ತಿರಬೇಕು ಅಲ್ವಾ? ತೆರಿಗೆಯದ್ದೂ ಹಾಗೆಯೇ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಹಾಗಾಗಿ ಎಷ್ಟೋ ಮನೆಗಳಲ್ಲಿ ರಿಟರ್ನ್ಸ್ ಹಾಕುವ ರೂಢಿಯೇ ಇಲ್ಲ. ಮಗ ಆಪ್ಷನ್ಸ್ ಶುರು ಮಾಡಿದ ದಿನದಿಂದ ಅದು ಬಿಸಿನೆಸ್ ಲೆಕ್ಕ. ನಷ್ಟವಾದರೂ ಹೊತ್ತಿಗೆ ಸರಿಯಾಗಿ ರಿಟರ್ನ್ಸ್ ಹಾಕಿದರೆ ಆ ನಷ್ಟವನ್ನು 8 ವರ್ಷ ಮುಂದಕ್ಕೆ ಒಯ್ಯಬಹುದು. ಇಂಟ್ರಾಡೇ (ಅದೇ ದಿನ ಕೊಂಡು ಮಾರುವ) ಷೇರು ವ್ಯವಹಾರದ್ದಾದರೆ 4 ವರ್ಷ. ಹಾಕದಿದ್ದರೆ ಆ ಅವಕಾಶ ಇಲ್ಲ.

ಕ್ಲಾಸಿಗೆ ಸೇರುವ ಮುಂಚೆ ಹತ್ತು ನಿಮಿಷ ಸೆಬಿ ವೆಬ್‌ಸೈಟ್ ನೋಡಿ. ಸಲಹೆಯನ್ನೂ ಕೊಡುತ್ತೇವೆ ಅನ್ನುವವರಿಗೆ ನೋಂದಣಿ ಸಂಖ್ಯೆ ಇರಬೇಕು. ರಿಸರ್ಚ್ ಅನಲಿಸ್ಟ್ ಆದರೆ ಐಎನ್‌ಎಚ್, ಅಡ್ವೈಸರ್ ಆದರೆ ಐಎನ್‌ಎ ಅಂತ ಶುರುವಾಗುತ್ತದೆ. ಹೆಸರು, ವಿಳಾಸ ತಾಳೆಯಾಗುತ್ತದೆಯೇ ನೋಡಿ. ಬೇರೆಯವರ ಸಂಖ್ಯೆ ಹಾಕಿಕೊಳ್ಳುವವರೂ ಇದ್ದಾರೆ. ಫೀಸಿಗೆ ರಶೀದಿ ತೆಗೆದುಕೊಳ್ಳಿ, ಯಾರದೋ ವೈಯಕ್ತಿಕ ಯುಪಿಐಗೆ ಹಾಕಿ ಸುಮ್ನೆ ಇರಬೇಡಿ. ನಿಮ್ಮ ಖಾತೆಯ ಪಾಸ್‌ವರ್ಡ್, ಒಟಿಪಿ ಕೊಟ್ಟು "ನೀವೇ ಟ್ರೇಡ್ ಮಾಡಿಕೊಡಿ" ಅನ್ನುವುದಂತೂ ಬೇಡವೇ ಬೇಡ. ನೋಂದಾಯಿತರಿಂದ ತೊಂದರೆಯಾದರೆ ಸೆಬಿಯ ಸ್ಕೋರ್ಸ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ನಕಲಿ ಆ್ಯಪ್‌ಗೋ, ವಾಟ್ಸ್ಆ್ಯಪ್ ಗ್ರೂಪ್‌ನವರಿಗೋ ದುಡ್ಡು ಹೋಗಿದ್ದರೆ ಅದು ಸೈಬರ್ ವಂಚನೆ. ತಡಮಾಡದೆ 1930ಕ್ಕೆ ಫೋನ್ ಮಾಡಿ. ದುಡ್ಡು ಖಾತೆಯಿಂದ ಖಾತೆಗೆ ದಾಟುವ ಮೊದಲೇ ತಿಳಿಸಿದರೆ ತಡೆಹಿಡಿಯುವ ಸಾಧ್ಯತೆ ಜಾಸ್ತಿ.